ನಾಲ್ಕು ಗಂಟೆಯ ಗಂಗಾಳ

ನಿನ್ನೆ ಪಾತ್ರೆ ಒರೆಸಿಡುವಾಗ ಊಟದ ಕಂಚಿನ ಗಂಗಾಳವೊಂದು ಕೈಜಾರಿ ನೆಲಕ್ಕೆ ಬಿತ್ತು. ಬಿದ್ದ ಮೇಲೆಯೂ ಬಹಳ ಹೊತ್ತು ನುಡಿಯುತ್ತಲೇ ಇತ್ತು... ಶಾಲೆಯ ಗಂಟೆಯ ಹಾಗೆ. ಒಂದೇ ಜಾಗಕ್ಕೆ ಸೌಟು ಬಡಿದು ಬಡಿದು ಅದರ ಅಂಚಿನಲ್ಲಿ ತಗ್ಗು ಬಿದ್ದಿದೆ. ಅದು ನಮ್ಮದಲ್ಲ, ಎದುರುಮನೆಯ ಅಕ್ಕೋರದು.

ನಮ್ಮ ಬೈಲಹೊಂಗಲದ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಅವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಆದರೂ ಓಣಿಯಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ.

ನನ್ನ ಮಗಳಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ಎರಡು ಸಲ ಮೂರ್ಛೆ ಬಂದು ಬಿದ್ದಿದ್ದಳು. ಹೆಡ್‌ಮಾಸ್ತರರು ನನ್ನನ್ನು ಕರೆಸಿ, ಬಹಳ ಮರ್ಯಾದೆಯಿಂದ ಚಹಾ ಕೊಟ್ಟು, "ಒಂದ್ ವರ್ಷ ಮನ್ಯಾಗ ಓದಸ್ರಿ. ಜೂನ್‌ದಾಗ ಸಣ್ಣ ಪರೀಕ್ಷಾ ತಗೊಂಡು ಆರನೇ ಕ್ಲಾಸಿಗೆ ಕುಂಡ್ರಸ್ಕೋತೇವಿ" ಎಂದರು. ನಾನೂ ಮರ್ಯಾದೆಯಿಂದಲೇ ಚಹಾ ಕುಡಿದು ಬಂದೆ.

ಚಿಂತೆ ಮಾಡುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ. ಅಂದೇ ಡ್ರಾಯಿಂಗ್ ಹಾಳೆ ತಂದು, ಬಣ್ಣದ ಸ್ಕೆಚ್ ಪೆನ್ನುಗಳಲ್ಲಿ ಮಗಳ ದಿನವನ್ನು ಖಾನೆ ಖಾನೆಯಾಗಿ ಕತ್ತರಿಸಿದೆ. ಕನ್ನಡಕ್ಕೆ ಹಸಿರು, ಗಣಿತಕ್ಕೆ ಕೆಂಪು, ಗುಳಿಗೆಗೂ ಒಂದು ಬಣ್ಣ. ವಾರ ತುಂಬುವುದರೊಳಗೆ ಎಲ್ಲ ಕಲಸಿಹೋಗಿ ಮತ್ತೆ ಹೊಸ ಹಾಳೆ. ಹೆಂಡತಿ ಬೆಳಿಗ್ಗೆ ದೊಡವಾಡದ ಬಸ್ಸು ಹಿಡಿದು ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. "ಟೈಮ್‌ಟೇಬಲ್ ಬರ್ಯೂದರಾಗ ವರ್ಷಾ ಮುಗಿಸ್ರಿ ನೀವು, ಹುಡುಗಿ ತಾನ ಶಾಣ್ಯಾಕಿ ಆಗತಾಳ" ಎಂದು ಹಂಗಿಸುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಕಿರಾಣಿ ಅಂಗಡಿ, ಹೀಗಾಗಿ ಪಾಠ ನನ್ನ ಪಾಲಿಗೆ ಬಂದಿತ್ತು. ನಾನೋ, ಪುಸ್ತಕ ಬಿಟ್ಟು ಮಗಳ ಕಣ್ಣನ್ನೇ ನೋಡುತ್ತ ಕೂಡುತ್ತಿದ್ದೆ. ರೆಪ್ಪೆ ಎರಡು ಸಲ ಬೇಗ ಬಡಿದರೆ ಸಾಕು, ಮೂರ್ಛೆ ಬಂತೇನೋ ಎಂದು ಪುಸ್ತಕ ಮುಚ್ಚಿ ಮಲಗಿಸಿಬಿಡುತ್ತಿದ್ದೆ.

ಒಂದು ದಿನ ಬೆಲ್ಲಕ್ಕೆಂದು ಬಂದ ಅಕ್ಕೋರು ಗೋಡೆಯ ಮೇಲಿನ ಹಾಳೆಯ ಮುಂದೆ ನಿಂತರು. "ಎಷ್ಟ್ ಚಂದ ಬರದೀಯೋ ತಮ್ಮಾ, ರಂಗೋಲಿ ಹಾಕಿದಂಗ ಐತಿ. ಇದರಾಗ ಹುಡುಗಿ ಓದೂದ್ ಯಾವಾಗ?" ಎಂದವರು ನಾಲ್ಕು ಗಂಟೆಯ ಕೆಂಪು ಖಾನೆಯ ಮೇಲೆ ಬೆರಳಿಟ್ಟು, "ಇದನ್ನ ನನಗ ಬಿಡು" ಎಂದರು.

ಮರುದಿನ ನಾಲ್ಕಕ್ಕೆ ಎದುರು ಕಟ್ಟೆಯಿಂದ ಗಂಗಾಳ ಬಾರಿಸಿದ ಸದ್ದು. ಮಗಳು ಪಾಟಿ-ಬಳಪ ಹಿಡಿದು ಓಡಿದಳು. "ನಾಳಿಂದ ತಡಾ ಮಾಡಿದವರನ್ನ ಹೊರಗ ನಿಂದರಸ್ತೇನಿ" ಎಂದು ಅಕ್ಕೋರು ಆ ಒಬ್ಬಳೇ ವಿದ್ಯಾರ್ಥಿನಿಗೆ ಗದರಿಸಿದರು. ಅವಳ ರೆಪ್ಪೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಗುಣಾಕಾರ ಮುಗಿಯಿತು. ಲೆಕ್ಕ ಮಾಡುತ್ತ ಮಗಳು ನಕ್ಕದ್ದನ್ನು ಅಂಗಡಿಯಿಂದಲೇ ಕೇಳಿಸಿಕೊಂಡೆ... ಅದು ನಮ್ಮ ಒಳ್ಳೆಯ ಕಾಲ.

ಆಮೇಲೆ ಭಾಗಾಕಾರ ಬಂತು. ಬಂದದ್ದು ಹೋಗಲಿಲ್ಲ. ಹನ್ನೆರಡು ಪೇರಲಹಣ್ಣು, ಮೂರು ಮಂದಿ. ಮರುದಿನವೂ ಅವೇ ಹಣ್ಣು, ಅವೇ ಮಂದಿ. ಬುನಾದಿ ಗಟ್ಟಿ ಮಾಡುತ್ತಿದ್ದಾರೆ ಅಂದುಕೊಂಡೆ. ಕಡೆಗೆ ಮಗಳನ್ನೇ ಕೇಳಿದೆ.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿನ್ನೆ ಹೇಳಿದ್ದು ಅವರಿಗೆ ನೆನಪ ಇರೂದಿಲ್ಲಪ್ಪಾ. ನೀ ಏನೂ ಅನಬ್ಯಾಡ."

"ಮತ್ತ ನೀ ಏನ್ ಮಾಡತಿ?"

"ಮೊದಲ ತಪ್ಪ ಮಾಡತೇನಿ. ಆಮ್ಯಾಲೆ ಸರಿ ಮಾಡತೇನಿ. ಅವರಿಗೆ ಭಾಳ ಖುಷಿ ಆಕ್ಕೈತಿ."

ಜೂನ್ ಹತ್ತಿರ ಬರುತ್ತಿತ್ತು, ಭಿನ್ನರಾಶಿ ಇನ್ನೂ ಮುಟ್ಟಿಯೇ ಇರಲಿಲ್ಲ. ಬೇರೆಯವರನ್ನು ಹುಡುಕುವ ಮಾತೆತ್ತಿದರೆ ಮಗಳು ಊಟ ಬಿಡುತ್ತಿದ್ದಳು. ನಾನು ಕೆಂಪು ಖಾನೆಯಲ್ಲಿ ಗಣಿತ ಎಂಬುದನ್ನು ಹೊಡೆದುಹಾಕಿ 'ಪುನರಾವರ್ತನೆ' ಎಂದು ಬರೆದೆ. ನನ್ನ ವೇಳಾಪಟ್ಟಿಗಳಲ್ಲಿ ಒಂದು ದಿನವೂ ತಪ್ಪದೆ ನಡೆದ ಖಾನೆ ಅದೊಂದೇ.

ಒಂದು ನಸುಕಿನಲ್ಲಿ ಗಂಗಾಳ ಬಾರಿಸಿದ ಸದ್ದಾಯಿತು. ಎದ್ದು ನೋಡಿದರೆ ಅಕ್ಕೋರು ಇಸ್ತ್ರಿ ಮಾಡಿದ ಸೀರೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಸಾಲಿ ತುಂಬೇತಿ, ಇನ್ನೂ ಮಲಗ್ಯಾಳನು?"

"ಅಕ್ಕೋರ, ಕೋಳೀನೂ ಎದ್ದಿಲ್ಲರಿ!" ಎಂದು ಪಕ್ಕದ ಮನೆಯಾತ ಕೂಗಿದ.

"ಕೋಳಿಗೇನ್ ಪರೀಕ್ಷಾ ಐತೇನು?"

ಓಣಿಯೆಲ್ಲ ನಕ್ಕಿತು. ಮಗಳು ನಗಲಿಲ್ಲ. ಮುಖ ತೊಳೆದು, ಪಾಟಿ ಹಿಡಿದು, "ತಡಾ ಆತ್ರಿ ಅಕ್ಕೋರ" ಎಂದು ಹೋಗಿ ಕುಳಿತಳು.

ಪರೀಕ್ಷೆಯ ಗಣಿತದ ಹಾಳೆಯಲ್ಲಿ ಭಾಗಾಕಾರದ ಲೆಕ್ಕವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಭಿನ್ನರಾಶಿ, ಅಷ್ಟೂ ಖಾಲಿ. ಹೆಡ್‌ಮಾಸ್ತರರು ಮತ್ತೆ ಚಹಾ ತರಿಸಿದರು. "ಮುಂದಿನ ವರ್ಷ ನೋಡೂಣ್ರಿ." ಅದೇ ಮಳೆಗಾಲದಲ್ಲಿ ಅಕ್ಕೋರ ತಂಗಿಯ ಮಗಳು ಬಂದು ಅವರನ್ನು ರಾಮದುರ್ಗಕ್ಕೆ ಕರೆದೊಯ್ದಳು. ಹೊರಡುವಾಗ ಅವರು ಗಂಗಾಳವನ್ನು ಮಗಳ ಕೈಗಿತ್ತು, "ನಾ ಬರೂತನಕ ನೀನ ಹೊಡಿಯವಾ, ತಪ್ಪಸಬ್ಯಾಡ" ಎಂದರು.

ದೀಪಾವಳಿಗೆ ರಾಮದುರ್ಗಕ್ಕೆ ಹೋದೆವು. ಪಾಟಿ ಬೇಕೇ ಬೇಕೆಂದು ಮಗಳು ಚೀಲದಲ್ಲಿಟ್ಟುಕೊಂಡಿದ್ದಳು. ಹಗ್ಗದ ಹೊರಸಿನ ಮೇಲೆ ಕುಳಿತಿದ್ದ ಅಕ್ಕೋರು ನಮ್ಮನ್ನು ನೋಡಿ, "ಯಾರ ಪೈಕಿ ನೀವು?" ಎಂದರು. ಮಗಳು ಹತ್ತಿರ ಹೋಗಿ ಕುಳಿತಳು.

"ನಾ ಹೊಸಾಕಿರಿ ಅಕ್ಕೋರ. ಭಾಗಾಕಾರ ಬರೂದಿಲ್ಲರಿ ನನಗ."

ಹನ್ನೆರಡು, ಪಕ್ಕದಲ್ಲಿ ಮೂರು ಬರೆದು ಪಾಟಿಯನ್ನು ಅವರ ತೊಡೆಯ ಮೇಲಿಟ್ಟಳು. ಅಕ್ಕೋರು ಬಳಪ ಹಿಡಿದರು. ನೋಡಿದರು, ನೋಡುತ್ತಲೇ ಇದ್ದರು... ಆಮೇಲೆ ಪಾಟಿಯನ್ನು ಮೆಲ್ಲಗೆ ತಿರುಗಿ ಕೊಟ್ಟರು.

"ನನಗೂ ಬರೂದಿಲ್ಲವಾ."

ತಿರುಗಿ ಬರುವಾಗ ಬಸ್ಸಿನಲ್ಲಿ ಸವದತ್ತಿ ದಾಟುವವರೆಗೆ ಮಗಳು ಪಾಟಿಯನ್ನು ತೊಡೆಯ ಮೇಲೆ ಮಗುಚಿ ಹಿಡಿದುಕೊಂಡಿದ್ದಳು. ನಾನು ಅಭ್ಯಾಸಬಲದಿಂದ ಅವಳ ಕಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಬಡಿಯಲೇ ಇಲ್ಲ.

ಬೇಸಿಗೆ ಬರುವ ಮುಂಚೆ ಅಕ್ಕೋರು ತೀರಿಹೋದರು. ಮಗಳು ಮತ್ತೆ ಪಾಟಿ ಹಿಡಿಯಲಿಲ್ಲ. ಪ್ರತಿ ಜೂನ್‌ನಲ್ಲೂ ನಾನು ಹೊಸ ಹಾಳೆ ಬರೆಯುತ್ತಿದ್ದೆ, ಅವಳು ಅದನ್ನು ನೋಡಿ "ಚಂದ ಐತಿ" ಎಂದು ಒಳಗೆ ಹೋಗುತ್ತಿದ್ದಳು. ಔಷಧಿಯಿಂದ ಮೂರ್ಛೆ ನಿಂತಿತು. ನಿಲ್ಲುವಷ್ಟರಲ್ಲಿ ಶಾಲೆಗೆ ಹೋಗುವ ವಯಸ್ಸೂ ಮುಗಿದಿತ್ತು. ಈಗ ಅಂಗಡಿಯಲ್ಲಿ ಕೂಡುತ್ತಾಳೆ. ಕೂಡಿಸುವುದು, ಕಳೆಯುವುದು ಎಲ್ಲ ಬಾಯಲ್ಲೇ. ಯಾರಾದರೂ "ಇದನ್ನ ಮೂರ್ ಪಾಲು ಮಾಡವಾ" ಎಂದರೆ ಮಾತ್ರ ಸುಮ್ಮನೆ ನನ್ನ ಕಡೆ ನೋಡುತ್ತಾಳೆ. ಬರುವುದಿಲ್ಲವೆಂದಲ್ಲ. ನಾನು ಬಲ್ಲೆ.

ನಿನ್ನೆ ಗಂಗಾಳ ಬಿದ್ದಾಗ ಅವಳು ಅಂಗಡಿಯಲ್ಲಿ ಸಕ್ಕರೆ ತೂಗುತ್ತಿದ್ದಳು. ಸಟ್ಟನೆ ಎದ್ದು ನಿಂತಳು. ಸದ್ದು ಪೂರ್ತಿ ಅಡಗುವವರೆಗೆ ಹಾಗೆಯೇ ನಿಂತು, ಎದುರುಮನೆಯ ಖಾಲಿ ಕಟ್ಟೆಯ ಕಡೆ ನೋಡುತ್ತಿದ್ದಳು.

"ಬಿತ್ತೇನಪ್ಪಾ?" ಎಂದಳು.

"ಬಿತ್ತವಾ."

ಕುಳಿತು, ಮತ್ತೆ ಮೊದಲಿನಿಂದ ತೂಗತೊಡಗಿದಳು.