ಸಿಪ್ಪೆ ಒಯ್ಯುವ ಅಳಿಯ

ಅಳಿಯನ ಕಣ್ಣಿಗೆ ಮನೆಯಲ್ಲಿ ಕಸವೆಂಬುದೇ ಇಲ್ಲ. ಅತ್ತೆ ದಾಳಿಂಬೆ ಬಿಡಿಸಲು ಕೂತರೆ ಸಾಕು, ಲ್ಯಾಬಿಗೆ ಹೊರಟವನು ಬಾಗಿಲಿನಿಂದ ವಾಪಸು ಬಂದು, "ಅತ್ತೆ, ಸಿಪ್ಪೆ ಎಸೆದುಬಿಟ್ಟೀರಿ, ಜೋಕೆ!" ಎನ್ನುತ್ತಾನೆ. ಸಿಪ್ಪೆ ಕುದಿಸಿದ ನೀರಿಗೆ ಕಬ್ಬಿಣದ ಉಪ್ಪು ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಕರೀ ಪುಡಿ ಮಾಡುವುದು ಅವನ ಕೆಲಸ. ಆ ಪುಡಿ ರಕ್ತದೊಳಗಿನ ನಾನಾ ಪ್ರೋಟೀನುಗಳಲ್ಲಿ ಬೇಕಾದ ಒಂದನ್ನೇ ಹಿಡಿಯುತ್ತದಂತೆ; ಸೀಸೆಯ ಪಕ್ಕ ಆಯಸ್ಕಾಂತ ಇಟ್ಟರೆ ಹಿಡಿದದ್ದರ ಸಮೇತ ಬಂದು ಗಾಜಿಗೆ ಅಂಟಿಕೊಳ್ಳುತ್ತದಂತೆ. "ಬೇಕಾದ್ದು ನಿಂತ್ಕೊಳ್ತು, ಮಿಕ್ಕಿದ್ದು ಚೆಲ್ಲಿದ್ರಾಯ್ತು" ಎಂದು ಊಟದ ನಡುವೆ ಲೋಟ ಬಗ್ಗಿಸಿ ತೋರಿಸುತ್ತಾನೆ. "ರೀ, ಗಂಟಲು ನೋವು, ತುತ್ತೇ ಇಳೀತಿಲ್ಲ" ಎಂದು ಹೆಂಡತಿ ತಿಂಗಳುಗಟ್ಟಲೆ ಹೇಳಿದಳು. "ಹಣ್ಣು ತಿನ್ನೇ, ಸಿಪ್ಪೆ ಮಾತ್ರ ಎತ್ತಿಡು" ಎಂದ. ಈಗ ಅವಳು ಆಸ್ಪತ್ರೆಯಲ್ಲಿದ್ದಾಳೆ. ಮೂಗಿನ ನಳಿಕೆಯಿಂದಲೇ ಊಟ. ಅಳಿಯ ದಿನಾ ತಪ್ಪದೆ ಬರುತ್ತಾನೆ, ನೋಡಲು ಬಂದವರು ಕೊಟ್ಟ ಹಣ್ಣನ್ನೆಲ್ಲ ಮಂಚದ ಪಕ್ಕ ಕೂತು ನಾಜೂಕಾಗಿ ಸುಲಿದು ತಟ್ಟೆಗಿಡುತ್ತಾನೆ, ಸಿಪ್ಪೆ ಚೀಲಕ್ಕೆ ತುಂಬಿಕೊಂಡು ಹೊರಡುತ್ತಾನೆ. "ಇಂಥಾ ಗಂಡ ಸಿಗಬೇಕಲ್ಲಮ್ಮ" ಎಂದಳು ಪಕ್ಕದ ಮಂಚದಾಕೆ. ಅತ್ತೆ ತಟ್ಟೆಯನ್ನು ಅವಳ ಕೈಗೇ ಕೊಟ್ಟಳು. "ನೀನೇ ತಿನ್ನು ತಾಯಿ. ನನ್ನ ಮಗಳ ಗಂಟಲಲ್ಲಿ ಇಳಿಯಲ್ಲ ಅಂತ ಅವನಿಗಿನ್ನೂ ಗೊತ್ತಾಗಿಲ್ಲ."