ಸೊಸೆಯ ರಕ್ತ, ನನ್ನ ಕಲಾಯಿ

ಆಗ ನನಗೆ ಅರವತ್ತಮೂರು. ಈಗ್ಗೆ ಎಂಟು ವರ್ಷದ ಮಾತು. ಮುಂಬೈಯ ವಡಾಲದ ಚಾಳಿನ ಒಂದು ಖೋಲಿಯಲ್ಲಿ ನಾವು ಮೂರು ಜನ: ನಾನು, ಮಗ, ಸೊಸೆ. ನನ್ನ ಗಂಡ ಕಲಾಯಿ ಮಾಡುವವ. ಹುಬ್ಬಳ್ಳಿ ಕಡೆಯಿಂದ ಬಂದು ಮೂವತ್ತು ವರ್ಷ ಈ ಊರಿನ ತಾಮ್ರದ ಪಾತ್ರೆಗಳಿಗೆ ಒಳಗೆ ತವರ ಬಳಿದು ಹೊಳೆಯಿಸಿ ಕೊಟ್ಟ, ಆಮೇಲೆ ಸತ್ತ. ಅವನು ಇದ್ದಾಗ ತಿದಿ ಒತ್ತುವ ಕೆಲಸ ನನ್ನದು. ಅವನು ಹೋದ ಮೇಲೆ ಸಣ್ಣಪುಟ್ಟ ಕಲಾಯಿ ನಾನೇ ಮಾಡುತ್ತಿದ್ದೆ. ಓದಿದ್ದು ಕನ್ನಡ ಸಾಲೆ ಮೂರನೇ ಇಯತ್ತೆ. ಇಷ್ಟು ಬರೆಯಲು ಅದು ಸಾಕು.

ಸೊಸೆಗೆ ಹೊಟ್ಟೆನೋವು ಸುರುವಾಯಿತು. ನೋವು ಹಿಡಿದರೆ ಹೊಟ್ಟೆ ಒತ್ತಿಕೊಂಡು ಮೂಲೆಯಲ್ಲಿ ಕೂಡುತ್ತಿದ್ದಳು, ಅರ್ಧ ತಾಸಿಗೆ ಎದ್ದು ಪಾತ್ರೆ ತಿಕ್ಕುತ್ತಿದ್ದಳು. ಎದ್ದಳಲ್ಲ, ಅಂದರೆ ನೋವಿಲ್ಲ ಅಂದೆ. ಒಂದು ದಿನ ಏಳಲಿಲ್ಲ. ಆಗ ಸೋಗು ಅಂದೆ.

ಮುಂಬೈಯಲ್ಲಿ ಕಾಲು ಉಳುಕಿದೆ ಅಂದರೂ ಮೊದಲು ಮಲೇರಿಯಾ ನೋಡುತ್ತಾರೆ. ನೋಡಿದರು, ಇಲ್ಲ. ಟೈಫಾಯ್ಡ್ ನೋಡಿದರು, ಅದೂ ಇಲ್ಲ. ಬಸಿರೇನೋ ಅಂತ ಮೂತ್ರ ನೋಡಿದರು. ಆ ಒಂದು ರಿಪೋರ್ಟಿಗೆ ಮಾತ್ರ ನಾನು ಕಾಯುತ್ತಿದ್ದೆ, ಅದೂ ಇಲ್ಲ ಅಂತ ಬಂತು. ಕಿಡ್ನಿಯಲ್ಲಿ ಕಲ್ಲಿಲ್ಲ. ರಕ್ತ ಮಾತ್ರ ಕಡಿಮೆ ಅಂದರು. ಅದು ಈ ಚಾಳಿನಲ್ಲಿ ಯಾವ ಹೆಂಗಸಿಗೆ ಕಡಿಮೆ ಇಲ್ಲ? ಕಬ್ಬಿಣದ ಗುಳಿಗೆ ಕೊಟ್ಟರು. ಎರಡು ತಿಂಗಳು ನುಂಗಿದಳು. ಮತ್ತೆ ನೋಡಿದರೆ ರಕ್ತ ಇನ್ನೂ ಇಳಿದಿತ್ತು. ಗುಳಿಗೆ ಕದ್ದು ಬಿಸಾಡುತ್ತಾಳೆ ಅಂತ ಮಗನಿಗೆ ಹೇಳಿದೆ. ಅವನು ಒಂದು ವಾರ ತನ್ನ ಕಣ್ಣೆದುರೇ ನುಂಗಿಸಿದ.

ಕಡೆಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಸರ್ಜನ್ ಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್ ಇರಬಹುದು, ಇಲ್ಲದಿದ್ದರೂ ಕೊಯ್ದು ನೋಡೋಣ ಅಂದರು. ಗುರುವಾರಕ್ಕೆ ಗೊತ್ತು ಮಾಡಿದರು. ಸೊಸೆಗೆ ಆಗ ಇಪ್ಪತ್ತನಾಲ್ಕು. ಹೊಟ್ಟೆ ಕೊಯ್ಯುತ್ತಾರೆ ಅಂದಾಗಲೂ ಅಳಲಿಲ್ಲ. ಕೊಯ್ದ ಮೇಲೂ ಏನೂ ಸಿಗದಿದ್ದರೆ ನನ್ನನ್ನು ತವರುಮನೆಗೆ ಕಳಿಸಿಬಿಡುತ್ತೀರೇನು ಅಂತ ಗಂಡನನ್ನು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಅಕ್ಕಿ ಆರಿಸುತ್ತಿದ್ದೆ.

ಆಪರೇಷನ್ನಿಗೆ ಮೊದಲು ಇನ್ನೊಮ್ಮೆ ರಕ್ತ ನೋಡಬೇಕಂತೆ. ಸ್ಟೇಷನ್ ಹತ್ತಿರದ ಸಣ್ಣ ಲ್ಯಾಬಿನಲ್ಲಿ ಸೋಮವಾರ ಕೊಟ್ಟು ಬಂದೆವು. ಮಂಗಳವಾರ ಅಲ್ಲಿಂದ ಫೋನ್ ಬಂತು: ರಿಪೋರ್ಟ್ ಕೊಡುವ ಮೊದಲು ಲ್ಯಾಬಿನ ಡಾಕ್ಟರಮ್ಮ, ಇಲ್ಲಿಯವರು ಬಾಯಿ ಅನ್ನುತ್ತಾರೆ, ಮಾತಾಡಬೇಕಂತೆ, ಮನೆಯಲ್ಲಿ ಅಡುಗೆ ನೋಡಿಕೊಳ್ಳುವವರೂ ಬರಬೇಕಂತೆ. ಮಗ ಕೆಲಸಕ್ಕೆ ಹೋಗಿದ್ದ. ನಾನೂ ಸೊಸೆಯೂ ಹೋದೆವು.

ಡಾಕ್ಟರ್ ಬಾಯಿ ಮರಾಠಿಯವಳು, ನನಗಿಂತ ಹತ್ತು ವರ್ಷ ಸಣ್ಣವಳಿರಬೇಕು. ಮಶೀನು ರಕ್ತ ಎಣಿಸುತ್ತದೆ ಅಷ್ಟೇ ಅಂದಳು. ಇಷ್ಟು ದಿನ ಎಲ್ಲರೂ ಆ ಅಂಕಿ ನೋಡಿ ಗುಳಿಗೆ ಬರೆದಿದ್ದಾರೆ, ನಾನು ಗಾಜಿನ ಮೇಲೆ ಒಂದು ತೊಟ್ಟು ಬಳಿದು ಕಣ್ಣಿಂದ ನೋಡಿದೆ ಅಂದಳು. ನೀವೂ ನೋಡಿ ಅಂತ ದುರ್ಬೀನಿನಂಥ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ನೋಡಿದೆ. ಗುಲಾಬಿ ಬಣ್ಣದ ಸಣ್ಣ ಸಣ್ಣ ರೊಟ್ಟಿ. ಕೆಲವು ರೊಟ್ಟಿಗೆ ಎಳ್ಳು ಹಚ್ಚಿದಂಗೆ ನೀಲಿ ಚುಕ್ಕಿ.

ಕಬ್ಬಿಣ ಕಡಿಮೆಯಾದರೆ ಇಂಥ ಚುಕ್ಕಿ ಬರೋದಿಲ್ಲವಂತೆ. ಹುಟ್ಟಿನಿಂದ ರಕ್ತದಲ್ಲಿ ದೋಷವಿದ್ದರೆ ಬರುತ್ತವೆ, ಅದರ ಟೆಸ್ಟೂ ಮಾಡಿಸೋಣ ಅಂದಳು. ಇನ್ನೊಂದು ಕಾರಣ ಸೀಸ. ಸೀಸ ಹೊಟ್ಟೆಗೆ ಹೋದರೆ ರಕ್ತ ಇಳಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಕೊಯ್ದರೆ ಒಳಗೆ ಏನೂ ಕಾಣುವುದಿಲ್ಲ. ಇಷ್ಟು ಹೇಳಿ ಕೇಳತೊಡಗಿದಳು. ಮನೆಯಲ್ಲಿ ಬಣ್ಣದ ಕೆಲಸ ಇದೆಯೇ, ಬ್ಯಾಟರಿ ಕೆಲಸ ಇದೆಯೇ, ಹಕೀಮರ ಭಸ್ಮ ತಿನ್ನುತ್ತಾಳೆಯೇ, ಕಣ್ಣಿಗೆ ಸುರ್ಮಾ ಹಚ್ಚುತ್ತಾಳೆಯೇ. ಎಲ್ಲಕ್ಕೂ ಇಲ್ಲ ಇಲ್ಲ ಅಂದೆ.

ಸೊಸೆ ಮೆಲ್ಲಗೆ ಅಂದಳು, "ಅಮ್ಮ ಕಲಾಯಿ ಮಾಡ್ತಾರ."

ಚಾಡಿ ಹೇಳಿದಂತಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು.

ಆಗ ನನಗೆ ಹೊಳೆಯಿತು. ಆರು ತಿಂಗಳ ಹಿಂದೆ ತವರ ಮುಗಿದಿತ್ತು. ಗಂಡನ ಪೆಟ್ಟಿಗೆಯ ತಳದಲ್ಲಿ ಒಂದಷ್ಟು ಬೂದು ಕಡ್ಡಿ ಸಿಕ್ಕವು. ಕಡೆಯ ವರ್ಷಗಳಲ್ಲಿ ಅವನು ಗ್ಯಾರೇಜಿಗೂ ಬೆಸುಗೆ ಕೆಲಸಕ್ಕೆ ಹೋಗುತ್ತಿದ್ದ, ಬೆಸುಗೆಯ ಕಡ್ಡಿಯಲ್ಲಿ ಸೀಸ ಇರುತ್ತದೆ. ನಮ್ಮ ಕಸುಬಿನಲ್ಲಿ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡುತ್ತಾರೆ. ಚೊಕ್ಕ ತವರ ಕರಕರ ಅಂತ ಅಳುತ್ತದೆ. ಸೀಸ ಅಳುವುದಿಲ್ಲ. ಇದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಅವತ್ತೂ ಬಗ್ಗಿಸಿದೆ. ಏನೂ ಕೇಳಲಿಲ್ಲ. ವಯಸ್ಸಾಯಿತು, ಕಿವಿ ಹೋಯಿತು ಅಂದುಕೊಂಡೆ. ಕರಗಿಸಿ ಮನೆಯ ಸಾರಿನ ಪಾತ್ರೆಗೆ, ತಾಮ್ರದ ಪಾತೇಲಿಗೆ, ಬಳಿದೆ.

ಆ ಪಾತೇಲಿಯಲ್ಲಿ ನಮ್ಮ ಮನೆಯ ಖಟ್ಟಾ ಆಗುತ್ತಿತ್ತು, ಹುಣಸೆಹುಳಿಯ ಸಾರು. ಸ್ಟೀಲಿನಲ್ಲಿ ಮಾಡಿದ ಖಟ್ಟಾ ಹೋಟೆಲಿನದು ಅಂತ ನಾನೇ ಹಟ ಮಾಡಿ ತಾಮ್ರದಲ್ಲಿ ಮಾಡಿಸುತ್ತಿದ್ದೆ. ನನಗೆ ಹುಳಿ ತಿಂದರೆ ಎದೆ ಉರಿಯುತ್ತದೆ, ತಿನ್ನುತ್ತಿರಲಿಲ್ಲ. ಮಗನಿಗೆ ಎರಡು ಚಮಚ. ಸೊಸೆ ಎಲ್ಲರ ನಂತರ ಉಣ್ಣಬೇಕು, ಉಳಿದದ್ದನ್ನು ಬಿಸಾಡಬಾರದು. ಇವೂ ನಾನು ಹಾಕಿದ ಕಟ್ಟಳೆ. ಅವಳು ತಳ ಬಳಿದು ಉಣ್ಣುತ್ತಿದ್ದಳು, ಮಿಕ್ಕಿದ್ದನ್ನು ಮರುದಿನ ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಡಾಕ್ಟರ್ ಬಾಯಿಗೆ ಹೇಳಿದೆ. ಅವಳು ಬಯ್ಯಲಿಲ್ಲ, ಬರೆದುಕೊಂಡಳು. ಸರ್ಜನ್ನಿಗೆ ಅಲ್ಲಿಂದಲೇ ಫೋನ್ ಮಾಡಿ ಗುರುವಾರ ಬೇಡ ಅಂದಳು. ಆ ಪಾತೇಲಿ ಮುಟ್ಟಬೇಡಿ ಅಂದಳು. ಸೊಸೆಯ ಕೈಯಿಂದ ಇನ್ನೊಂದು ಸೀಸೆ ರಕ್ತ ತೆಗೆದು ಸೀಸ ಅಳೆಯಲು ದಾದರಿನ ದೊಡ್ಡ ಲ್ಯಾಬಿಗೆ ಕಳಿಸಿದಳು. ನನ್ನ ತೋಳೂ ಕೇಳಿದಳು, ಕೊಟ್ಟೆ. ಆಮೇಲೆ ಪೆನ್ನು ಇಟ್ಟು ಕೇಳಿದಳು, "ಅದೇ ಕಡ್ಡಿಯಿಂದ ಬೇರೆ ಯಾರ ಪಾತ್ರೆಗೆ ಕಲಾಯಿ ಮಾಡಿದ್ದೀರಿ?"

ಯಾರಿಗೂ ಇಲ್ಲ ಅಂದೆ.

ಸೊಸೆ ನನ್ನನ್ನು ನೋಡಿದಳು. ಬೇರೆ ಮನೆಗಳ ಪಾತ್ರೆಗಳನ್ನು ಹೊತ್ತು ತಂದವಳು, ತಿರುಗಿ ಮುಟ್ಟಿಸಿದವಳು ಅವಳೇ. ಹತ್ತಿ ಒತ್ತಿದ್ದ ತೋಳು ಮಡಚಿಕೊಂಡಳು.

ಶುಕ್ರವಾರ ಸಂಜೆ ರಿಪೋರ್ಟ್ ಬಂತು. ಹುಟ್ಟಿನ ದೋಷ ಇರಲಿಲ್ಲ. ಸೀಸ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ನನ್ನ ರಕ್ತದಲ್ಲೂ ಇತ್ತು, ಅಷ್ಟಿರಲಿಲ್ಲ. ಕೊಯ್ಯುವುದು ಬೇಡ, ಸೀಸವನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧ ಇದೆ, ಸೋಮವಾರ ಬಂದು ಅಡ್ಮಿಟ್ ಆಗಲಿ ಅಂತ ಆಸ್ಪತ್ರೆಯವರು ಹೇಳಿದರು. ಮಗ ಅದನ್ನು ಎರಡು ಸಲ ಓದಿ ಹೇಳಿದ. ಸೊಸೆ ಗೋಡೆಗೆ ಒರಗಿ ಕೂತಿದ್ದಳು.

"ಸೋಗಲ್ಲ ಅಂತ ನಾ ಹೇಳಿದ್ದೆ ಅಮ್ಮಾ," ಅಂದಳು.

"ಹೂಂ, ಹೇಳಿದ್ದಿ," ಅಂದೆ.

"ಮ್ಯಾಲಿನ ಮನಿಯವ್ರು ವಾರಕ್ಕ ನಾಲ್ಕು ದಿನ ಹುಳಿ ಮಾಡ್ತಾರ. ಅಲ್ಲಿ ಎರಡು ಸಣ್ಣ ಹುಡುಗ್ರು ಅದಾವ."

ಮಗನಿಗೆ ಏನೂ ತಿಳಿಯಲಿಲ್ಲ. ಯಾವ ಮನಿ ಅಂತ ಕೇಳಿದ.  ಆ ಕಡ್ಡಿಯಿಂದ ಕಲಾಯಿ ಮಾಡಿಕೊಟ್ಟದ್ದು ಒಟ್ಟು ಮೂರು ಮನೆಗೆ. ಅಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ, ರಿಪೋರ್ಟ್ ಬರಲಿ ಅಂತ ಒಂದು ನೆವ ಇತ್ತು. ಗಂಡನ ಹೆಸರು ಕೆಡುತ್ತದೆ ಅನ್ನುವುದು ಇನ್ನೊಂದು.

ಮರುದಿನ ಬೆಳಿಗ್ಗೆ ಚಹಾ ಕುಡಿದು, ಹಿಂದಿನ ಬಿಲ್ಡಿಂಗಿನ ಮೂರನೇ ಮಾಳಿಗೆ ಹತ್ತಿ, ಸೊಸೆ ಹೇಳಿದ ಆ ಮಕ್ಕಳ ಮನೆಯ ಬೆಲ್ ಒತ್ತಿದೆ. ಆ ಮನೆಯಾಕೆ ಬಾಗಿಲು ತೆಗೆದಳು. ಕಲಾಯಿಗೆ ಪಾತ್ರೆ ಕೇಳಲು ಬಂದೆ ಅಂದುಕೊಂಡು, ಈಗ ಏನೂ ಇಲ್ಲ ಅಂದಳು. ನಾನು ಬಳಿದದ್ದು ಸೀಸ, ಆ ಪಾತ್ರೆಯಲ್ಲಿ ಇನ್ನು ಏನೂ ಮಾಡಬೇಡಿ, ಇವತ್ತೇ ಮಕ್ಕಳ ರಕ್ತ ನೋಡಿಸಿರಿ ಅಂತ ಹೇಳಿ, ಸ್ಟೇಷನ್ ಹತ್ತಿರದ ಆ ಲ್ಯಾಬಿನ ಚೀಟಿ ಅವಳ ಕೈಗೆ ಕೊಟ್ಟೆ.