ಗ್ರೌಂಡ್ ಕಾಕಾ ಓದಿಸಿದ ಚೀಟಿ

ಹೋದ ವಾರ ನಮ್ಮ ಹೈಸ್ಕೂಲಿನ ಕ್ರೀಡಾಕೂಟಕ್ಕೆಂದು ಸುಣ್ಣದ ಚೀಲ ತರಿಸಿದ್ದರು. ಜವಾನ ಅದರ ಬಾಯಿ ಬಿಚ್ಚುತ್ತಲೇ ಆ ಒಣ, ಖಾರ ವಾಸನೆ ಮೂಗಿಗೆ ಬಡಿಯಿತು. ಸೀನು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. "ಸುಣ್ಣ ಭಾಳ ತೇಜ್ ಐತ್ರಿ ಸರ, ಆ ಕಡೆ ನಿಂದರ್ರಿ," ಎಂದ ಜವಾನ. ಕಣ್ಣೀರಿಗೆ ಸುಣ್ಣದ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಬಾಗಲಕೋಟೆಯಲ್ಲಿ ಬಿ.ಎ. ಕೊನೆಯ ವರ್ಷ ಓದುವಾಗ ನಾನು ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದೆ. ದೊಡ್ಡ ಮಾತೇನಲ್ಲ. ನಮ್ಮ ಕಡೆ ಹುಡುಗರು ಮೊದಲು ಕಬಡ್ಡಿಗೆ ಹೋಗುತ್ತಾರೆ. ಅಲ್ಲಿ ಸಲ್ಲದವರು ಕ್ರಿಕೆಟ್ಟಿಗೆ. ಎಲ್ಲಿಯೂ ಸಲ್ಲದ ನಾವು ಹನ್ನೊಂದು ಜನ ಫುಟ್‌ಬಾಲಿಗೆ ಬಂದಿದ್ದೆವು. ಆ ಹನ್ನೊಂದರಲ್ಲಿ ಬೂಟು ಇದ್ದವನು ನಾನೊಬ್ಬನೇ, ಅದಕ್ಕೇ ಕ್ಯಾಪ್ಟನ್ ಆದೆ. ಆಟ ಹೇಗಿದ್ದರೂ ನಮ್ಮ ಮೈದಾನ ಮಾತ್ರ ನೋಡುವಂತಿತ್ತು. ಅದು ಗ್ರೌಂಡ್ ಕಾಕಾರ ಕೆಲಸ.

ಕಾಕಾ ಮೈದಾನ ನೋಡಿಕೊಳ್ಳುವ ನೌಕರರು. ಕುರಿ ಸಾಕಿದ ಮನೆತನ, ಬೀರಪ್ಪನ ಒಕ್ಕಲು. ಹಳೇ ಊರಿನ ಮನೆ ಹಿನ್ನೀರಿಗೆ ಹೋದ ಮೇಲೆ ಕುರಿ ಮಾರಿ ಕಾಲೇಜಿಗೆ ಸೇರಿದ್ದರು. ಕುರಿ ಹೋದರೂ ಹುರಿ ಉಳಿದಿತ್ತು. ತಾವೇ ಹೊಸೆದ ಕರಿ ಉಣ್ಣೆಯ ಹುರಿಯನ್ನು ಎರಡು ಗೂಟಗಳಿಗೆ ಬಿಗಿದು, ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು, ಹಿಂದಕ್ಕೆ ಹೆಜ್ಜೆ ಇಡುತ್ತ ಗೆರೆ ಹಾಕುತ್ತಿದ್ದರು. ನೈಲಾನ್ ಹಗ್ಗ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. "ಅದು ಗಾಳಿಗೆ ಕುಣೀತೈತಿ. ಉಣ್ಣಿ ನೆಲಾ ಹಿಡಕೊಂಡ ಕುಂದ್ರತೈತಿ," ಎನ್ನುತ್ತಿದ್ದರು. ಬೆರಳಷ್ಟು ಸೊಟ್ಟಾದರೂ ಕಸಬರಿಗೆಯಿಂದ ಅಳಿಸಿ ಮತ್ತೆ ಹಾಕುತ್ತಿದ್ದರು.

ಆ ವರ್ಷದ ಪಂದ್ಯಗಳಲ್ಲಿ ಮೊದಲನೆಯದು ಬಾದಾಮಿಯಲ್ಲಿ. ಮೂರು ಗೋಲು ತಿಂದು ಬಂದೆವು. ಎರಡನೆಯದು ಹುನಗುಂದದವರೊಂದಿಗೆ, ನಮ್ಮ ಮೈದಾನದಲ್ಲಿ. ನಮ್ಮ ಸಪ್ಪೆ ಮೋರೆ ನೋಡಲಾರದೆ ಕಾಕಾ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದರು. ಬೀರಪ್ಪನ ಹೆಸರು ಹೇಳಿ ಆ ಅರಿಷಿಣವನ್ನು ಚೆಂಡಿಗೆ ಹಚ್ಚಿದರು, ಹನ್ನೊಂದು ಹಣೆಗಳಿಗೂ ಹಚ್ಚಿದರು. ಅಂದು ಗೆದ್ದೆವು. ಅಲ್ಲಿಂದ ಮುಂದೆ ಕಾಕಾ ಭಂಡಾರ ಹಚ್ಚದೆ ನಾವು ಚೆಂಡು ಮುಟ್ಟಲಿಲ್ಲ. ಎಲ್ಲಿ ಪಂದ್ಯವಿದ್ದರೂ ಅವರನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದೆವು. ಗೆಲ್ಲುತ್ತ ಗೆಲ್ಲುತ್ತ ಫೈನಲ್ಲಿಗೆ ಬಂದೆವು. ಫೈನಲ್ ಇಳಕಲ್ಲಿನಲ್ಲಿ, ಶನಿವಾರ.

ಗುರುವಾರ ಪ್ರಾಕ್ಟೀಸ್ ಮುಗಿದ ಮೇಲೆ ಕಾಕಾ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು. ಅವರ ಒಂದು ಕಣ್ಣು ಮಂಜಾಗಿ ವರ್ಷವಾಗಿತ್ತು, ಈಗ ಇನ್ನೊಂದೂ ನೋಯುತ್ತಿತ್ತು. ಜೇಬಿನಿಂದ ಚೀಟಿ ತೆಗೆದು ಕೊಟ್ಟರು.

"ಆಪರೇಶನ್ನಿಗೆ ಯಾವ ದಿನ ಬರಬೇಕಂತ ದವಾಖಾನ್ಯಾಗ ಹೇಳಿದ್ರು. ಗದ್ದಲದಾಗ ನೆಪ್ಪ ಹಾರೇತಿ. ಓದಿ ಹೇಳ ತಮ್ಮಾ."

ಮನೆಯಲ್ಲಿ ಕಾಕಾ, ಕಾಕು ಇಬ್ಬರೇ. ಇಬ್ಬರಿಗೂ ಓದು ಬಾರದು. ಚೀಟಿ ಇಂಗ್ಲಿಷಿನಲ್ಲಿತ್ತು. ನಾಡಿದ್ದು, ಶನಿವಾರ, ಮುಂಜಾನೆ ಒಂಬತ್ತಕ್ಕೆ. ತಪ್ಪಿಸಬಾರದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಪೊರೆ ಇದ್ದೀತು, ವಾರದಲ್ಲಿ ಏನಾಗುತ್ತದೆ ಎಂದುಕೊಂಡೆ. ಪೊರೆ ಬಂದ ಕಣ್ಣಿನಲ್ಲೇ ವರ್ಷಗಟ್ಟಲೆ ಹೊಲಕ್ಕೆ ಹೋಗಿ ಬರುವ ಮುದುಕರನ್ನು ಕಂಡವನು ನಾನು. ತಲೆಯಲ್ಲಿ ಕಪ್ ಒಂದೇ ಕುಣಿಯುತ್ತಿತ್ತು...

"ಮುಂದಿನ ಶನಿವಾರ ಐತ್ರಿ ಕಾಕಾ," ಎಂದೆ.

"ಬೇಶಾತು. ಹಂಗಾದ್ರ ಇಳಕಲ್ಲಿಗೆ ಬರ್ತೇನಿ," ಎಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಇಳಕಲ್ಲಿನಲ್ಲಿ ಒಂದು ಗೋಲಿನಿಂದ ಗೆದ್ದೆವು. ಗೋಲು ಬಿದ್ದದ್ದು ಕಾಕಾ ನಿಂತ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಕುಣಿಯುತ್ತ ಅವರ ಹತ್ತಿರ ಓಡಿದೆ. ಅವರು ನನ್ನ ತೋಳು ತಡಕಿ ಹಿಡಿದು, "ಚೆಂಡ ಒಳಗ ಹೋತೇನ ತಮ್ಮಾ?" ಎಂದು ಕೇಳಿದರು. ಅಷ್ಟರಲ್ಲಿ ಹಲಗೆ ಬಾರಿಸತೊಡಗಿದರು, ಗುಲಾಲು ಹಾರಿತು, ಹುಡುಗರು ಕಾಕಾರನ್ನು ಹೆಗಲ ಮೇಲೆ ಹೊತ್ತರು. ನಾನೂ ಹೆಗಲು ಕೊಟ್ಟೆ.

ಮುಂದಿನ ಶನಿವಾರ ಕಾಕಾ ದವಾಖಾನೆಗೆ ಹೋದಾಗ ತಿಂಗಳಿಗೊಮ್ಮೆ ಬರುವ ದೊಡ್ಡ ಡಾಕ್ಟರು ಬಂದು ಹೋಗಿಯಾಗಿತ್ತು. ಅದು ಪೊರೆ ಆಗಿರಲಿಲ್ಲ. ಕಣ್ಣೊಳಗಿನ ಒತ್ತಡ ಏರುವ ರೋಗ, ಒಮ್ಮೆ ಹೋದ ದೃಷ್ಟಿ ಮರಳುವುದಿಲ್ಲವಂತೆ. ಡಾಕ್ಟರು ಮತ್ತೆ ಬರುವ ಹೊತ್ತಿಗೆ ಉಳಿದ ಕಣ್ಣೂ ಹೋಗಿತ್ತು.

ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ನವನಗರದ ಅವರ ಮನೆಗೆ ಹೋದೆ. ಎಲ್ಲ ಹೇಳಿ ಕಾಲು ಹಿಡಿಯಬೇಕೆಂದೇ ಹೋದದ್ದು. ಕಾಕಾ ಕಟ್ಟೆಯ ಮೇಲೆ ಕುಳಿತು ಹುರಿ ಹೊಸೆಯುತ್ತಿದ್ದರು. ಕಾಕು ಚಹಾ ತಂದಿಟ್ಟು, "ಆ ಡಾಕ್ಟರ್ ನಿಮ್ಮ ಕಾಕಾಗ ಭಾಳ ಬೈದ್ರಪಾ. ಹೇಳಿದ ಶನಿವಾರ ಯಾಕ ಬರ್ಲಿಲ್ಲ ಅಂತ," ಎಂದರು.

"ನಾನೂ ಬಿಡಲಿಲ್ಲ," ಎಂದರು ಕಾಕಾ. "ನಮ್ಮ ಕ್ಯಾಪ್ಟನ್ ಓದಿ ಹೇಳ್ಯಾನ್ರಿ, ಅಂವ ಸುಳ್ಳ ಹೇಳಾಂವಲ್ಲ, ನಿಮ್ಮ ಮಂದೀನ ತಪ್ಪ ಬರದಿದ್ದೀತು ಅಂದೆ. ಚೀಟಿ ಹಿಡದ ತೋರ್ಸಾಕ ಬಂದ್ರು. ಅದನ್ನೇನ ನೋಡೂದು, ನಮ್ಮ ಹುಡುಗ ನೋಡ್ಯಾನ ಅಂದೆ."

ಚಹಾ ಕೆನೆಗಟ್ಟಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಹೊರಡುವಾಗ ಕಾಕಾ ಹುರಿಯ ಉಂಡೆಯೊಂದನ್ನು ನನ್ನ ಕೈಯಲ್ಲಿಟ್ಟು, "ಇನ್ನ ನನಗ್ಯಾಕ ಇದು, ನೀ ಒಯ್ಯಿ," ಎಂದರು. ಅದನ್ನೂ ತೆಗೆದುಕೊಂಡು ಬಂದೆ, ನಾಚಿಕೆಗೆಟ್ಟವನು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಭಂಡಾರ ಎರಚಿದೆ. ಅಲ್ಲಿಯೂ ಕಾಕುವಿಗೆ ಹೇಳಲಾಗಲಿಲ್ಲ... ಈಗ ನಾನು ಮಾಸ್ತರ. ಓದು ಬಾರದ ಪಾಲಕರು ದವಾಖಾನೆಯ ಚೀಟಿ ತಂದರೆ ಎರಡೆರಡು ಸಲ ಓದಿ ಹೇಳುತ್ತೇನೆ. ಅದರಿಂದ ನನ್ನ ತಪ್ಪೇನೂ ಕಡಿಮೆಯಾಗುವುದಿಲ್ಲ, ಗೊತ್ತು.

ಕ್ರೀಡಾಕೂಟದ ದಿನ ಜವಾನ ನೈಲಾನ್ ಹಗ್ಗ ಕಟ್ಟಿ ಹಾಕಿದ ಗೆರೆ ಗಾಳಿಗೆ ಹಾವಿನಂತೆ ಹರಿದಿತ್ತು. ಮನೆಗೆ ಹೋಗಿ ಟ್ರಂಕಿನಿಂದ ಕರಿ ಹುರಿ ತಂದೆ. ಗೂಟಕ್ಕೆ ಬಿಗಿದು, ಡಬ್ಬಿ ಹಿಡಿದು, ಹಿಂದಕ್ಕೆ ಹೆಜ್ಜೆ ಇಡುತ್ತ ನಾನೇ ಗೆರೆ ಹಾಕಿದೆ. ನೆಟ್ಟಗೆ ಬಂತು. ಗೆರೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತಾಗ ಸುತ್ತ ಯಾರೂ ಇರಲಿಲ್ಲ. ಅಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಆಗ ಹೊರಗೆ ಬಂತು.

"ಆ ಚೀಟ್ಯಾಗ ನಾಡಿದ್ದ ಶನಿವಾರ ಅಂತನ ಬರದಿತ್ರಿ ಕಾಕಾ."